ಅಂಕ, ಗ್ರೇಡ್, ಸಿಜಿಪಿಎ: ಹಾಸನದ ಪೋಷಕರೂ ವಿದ್ಯಾರ್ಥಿಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಆ ಮೂವತ್ತು ಬೇಸಿಗೆಗಳಲ್ಲಿ ಬಹುಪಾಲನ್ನು ಉತ್ತರ ಪತ್ರಿಕೆಗಳ ಕಟ್ಟುಗಳ ಮುಂದೆ ಕಳೆದವನಿಗೆ, ನಿವೃತ್ತನಾದ ಮೇಲೂ ಜನ ಕೇಳುವುದು ಲೆಕ್ಕವನ್ನೇ. ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವ ಪ್ರಶ್ನೆ ನಿಮ್ಮದೋ ಅದನ್ನಷ್ಟೇ ಓದಿಕೊಂಡರೂ ಸಾಕು.

## ಶಾಲೆಯ ಮಟ್ಟದ ಪ್ರಶ್ನೆಗಳು

ಅಂಕ, ಪರ್ಸೆಂಟು, ಗ್ರೇಡು, ಕ್ಲಾಸು ಎಲ್ಲ ಒಂದೇ ಅಲ್ವಾ ಮೇಷ್ಟ್ರೇ?

ಅಲ್ಲ. ನಮ್ಮ ಹಿರಿಯರು ರಾಗಿಯನ್ನು ಸೇರು, ಬಳ್ಳ, ಕೊಳಗಗಳಲ್ಲಿ ಅಳೆಯುತ್ತಿದ್ದಾಗ, ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮನಾಗಿರುತ್ತಿರಲಿಲ್ಲವಾದ್ದರಿಂದ, ವ್ಯಾಪಾರ ಕುದುರುವ ಮೊದಲು ಯಾವ ಊರಿನ ಕೊಳಗವೆಂದು ಕೇಳಿಕೊಳ್ಳುವುದು ವಾಡಿಕೆಯಾಗಿತ್ತು. ಅಂಕದ ವಿಷಯವೂ ಹಾಗೆಯೇ. ಅಂಕವೆಂದರೆ ಉತ್ತರಗಳಿಗೆ ಬಿದ್ದ ಬೆಲೆಯ ಮೊತ್ತ. ಶೇಕಡಾ ಎಂದರೆ ಆ ಮೊತ್ತವನ್ನು ನೂರಕ್ಕೆ ಇಳಿಸಿಕೊಂಡದ್ದು. ಗ್ರೇಡ್ ಎಂದರೆ ಒಂದು ಅಂತರದೊಳಗಿನ ಅಂಕಗಳಿಗೆಲ್ಲ ಇಟ್ಟ ಒಂದೇ ಹೆಸರು. ಕ್ಲಾಸ್ ಎಂದರೆ ಅಂತಹ ಅಂತರಕ್ಕೆ ಹಳೆಯ ಕಾಲದಿಂದ ಬಂದ ಹೆಸರು. ಶೇಕಡಾ 60 ಎಂದರೆ ಎಲ್ಲಿ, ಯಾವ ಮಂಡಳಿಯಲ್ಲಿ, ಯಾವ ಸಾಲಿನಲ್ಲಿ ಎಂದು ಕೇಳದೆ ಎರಡು ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಮುಂದಿನ ಉತ್ತರಗಳಲ್ಲಿ ಬರುವ ಗೊಂದಲಗಳೆಲ್ಲ ಹುಟ್ಟುವುದು ಈ ಒಂದು ಪ್ರಶ್ನೆಯನ್ನು ಬಿಟ್ಟುಬಿಡುವುದರಿಂದಲೇ.

ಎಸ್ಸೆಸ್ಸೆಲ್ಸಿಗೆ 625 ಅಂತ ಸೊಟ್ಟ ಲೆಕ್ಕ ಯಾಕೆ? ಆರು ವಿಷಯಕ್ಕೆ 600 ಆಗಬೇಕಲ್ವಾ?

ಪ್ರಥಮ ಭಾಷೆಗೆ 125 ಅಂಕಗಳು, ಉಳಿದ ಐದು ವಿಷಯಗಳಿಗೆ ತಲಾ 100, ಹಾಗಾಗಿ 625. ಪ್ರಥಮ ಭಾಷೆಯಲ್ಲಿ 100 ಅಂಕ ಲಿಖಿತ ಪರೀಕ್ಷೆಗೆ, 25 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಉಳಿದ ವಿಷಯಗಳಲ್ಲಿ 80 ಲಿಖಿತ, 20 ಆಂತರಿಕ. ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಮಗುವಿಗೆ ಕನ್ನಡದ ಅಂಕಗಳು ಒಟ್ಟು ಫಲಿತಾಂಶದ ಐದನೇ ಒಂದು ಪಾಲು ಎಂಬುದನ್ನು, ಗಣಿತಕ್ಕೂ ವಿಜ್ಞಾನಕ್ಕೂ ಮಾತ್ರ ಟ್ಯೂಷನ್‌ಗೆ ಕಳಿಸುವ ಪೋಷಕರು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಪಾಸಾಗೋಕೆ ಈಗ 35 ಬೇಕಾ, 33 ಬೇಕಾ, 30 ಸಾಕಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮೂವರು ಹೇಳುವುದರಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ದೀರ್ಘಕಾಲ ಇದ್ದ ಗೆರೆ ಶೇಕಡಾ 35. ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ 2025-26ನೇ ಸಾಲಿನಿಂದ ಜಾರಿಗೆ ತಂದ ಬದಲಾವಣೆಯಂತೆ, ಒಟ್ಟು ಅಂಕಗಳಲ್ಲಿ ಶೇಕಡಾ 33 ಬರಬೇಕು ಮತ್ತು ಪ್ರತಿ ವಿಷಯದಲ್ಲೂ ಕನಿಷ್ಠ ಶೇಕಡಾ 30 ಇರಬೇಕು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 206, ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 198 ಎಂದು ಮೊತ್ತವನ್ನು ಹೇಳಲಾಗಿದೆ.

ಇಲ್ಲಿ ಜನ ಎಡವುವುದು "30 ಬಂದರೆ ಸಾಕು" ಎಂಬ ಮಾತಿನಲ್ಲಿ. ಪಿಯುಸಿಯ ಆರೂ ವಿಷಯಗಳಲ್ಲಿ ಸರಿಯಾಗಿ 30 ತೆಗೆದವನ ಮೊತ್ತ 180 ಆಗುತ್ತದೆಯೇ ಹೊರತು 198 ಆಗುವುದಿಲ್ಲ, ಅವನು ಅನುತ್ತೀರ್ಣನೇ. ಅಂದರೆ ಒಂದೆರಡು ವಿಷಯಗಳಲ್ಲಿ 30ಕ್ಕೆ ಇಳಿಯುವ ಸಲುಗೆಯನ್ನು ನಿಯಮ ಕೊಡುತ್ತದೆ, ಆ ಕೊರತೆಯನ್ನು ಉಳಿದ ವಿಷಯಗಳಲ್ಲಿ ತುಂಬಿಕೊಟ್ಟರೆ ಮಾತ್ರ. ಗಣಿತದಲ್ಲಿ ಕುಂಟುತ್ತ ಕನ್ನಡ, ಸಮಾಜಗಳಲ್ಲಿ ಚೆನ್ನಾಗಿರುವ ಮಕ್ಕಳಿಗೆ ಇದರಿಂದ ನಿಜವಾದ ಉಪಕಾರವಾಗುತ್ತದೆ; ನಾನು ಕಲಿಸಿದ ವಿಷಯದಲ್ಲೇ ಎಡವಿ ಶಾಲೆ ಬಿಟ್ಟವರನ್ನು ಕಂಡಿರುವುದರಿಂದ ಈ ಬದಲಾವಣೆಯ ಬಗ್ಗೆ ನನಗೆ ತಕರಾರಿಲ್ಲ. ಲೆಕ್ಕದ ಮೇಷ್ಟ್ರ ಚಟಕ್ಕೆ ಇನ್ನೊಂದು ಮಾತು: 625ರ ಶೇಕಡಾ 33 ಎಂದರೆ 206.25, ಅದನ್ನು 206ಕ್ಕೆ ಇಳಿಸಿದ್ದಾರೆ. ಹಿಂದೆ ಶೇಕಡಾ 35 ಎಂದರೆ 218.75 ಆಗುತ್ತಿತ್ತು, ಅದನ್ನು 219ಕ್ಕೆ ಏರಿಸಿಕೊಂಡಿದ್ದರು.

ಅಂಕಪಟ್ಟಿಯಲ್ಲಿರೋ ಎ ಪ್ಲಸ್, ಬಿ ಪ್ಲಸ್ ಅಂದ್ರೆ ಎಷ್ಟೆಷ್ಟು?

ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಬಳಕೆಗೆ ಬಂದಿರುವ ಪಟ್ಟಿಯಂತೆ 563ರಿಂದ 625ರವರೆಗೆ ಎ ಪ್ಲಸ್, 500ರಿಂದ 562 ಎ, 438ರಿಂದ 499 ಬಿ ಪ್ಲಸ್, 375ರಿಂದ 437 ಬಿ, 313ರಿಂದ 374 ಸಿ ಪ್ಲಸ್, ಅಲ್ಲಿಂದ ಕೆಳಗೆ ಉತ್ತೀರ್ಣದ ಗೆರೆಯವರೆಗೆ ಸಿ. ಸುಮಾರಾಗಿ ಹೇಳಿದರೆ ಶೇಕಡಾ 90, 80, 70, 60, 50 ಎಂಬ ಮೆಟ್ಟಿಲುಗಳು. ಇದು ಸ್ಥಿರವಾದ ಗೆರೆ. ರಾಜ್ಯದ ಮಕ್ಕಳೆಲ್ಲ 563 ದಾಟಿದರೆ ಎಲ್ಲರಿಗೂ ಎ ಪ್ಲಸ್ ಸಿಗುತ್ತದೆ.

ಚಿಕ್ಕ ತರಗತಿಯ ಮಕ್ಕಳಿಗೆ ಎಫ್‌ಎ, ಎಸ್‌ಎ ಅಂತ ವರ್ಷವೆಲ್ಲ ಪರೀಕ್ಷೆ ಮಾಡ್ತಾರಲ್ಲ, ಅದ್ಯಾಕೆ?

ಎಫ್‌ಎ ಎಂದರೆ ರೂಪಣಾತ್ಮಕ ಮೌಲ್ಯಮಾಪನ, ವರ್ಷಕ್ಕೆ ನಾಲ್ಕು. ಎಸ್‌ಎ ಎಂದರೆ ಸಂಕಲನಾತ್ಮಕ ಮೌಲ್ಯಮಾಪನ, ವರ್ಷಕ್ಕೆ ಎರಡು. ಮೊದಲನೆಯದು ಕಲಿಯುತ್ತಿರುವಾಗಲೇ ಚಟುವಟಿಕೆ, ಯೋಜನೆ, ಕಿರುಪರೀಕ್ಷೆಗಳ ಮೂಲಕ ನೋಡುವುದು. ಎರಡನೆಯದು ಅವಧಿಯ ಕೊನೆಗೆ ಕೂಡಿಸಿ ನೋಡುವುದು. ದೋಸೆ ಹೆಂಚಿನ ಮೇಲಿದ್ದಾಗ ಅಂಚು ಎತ್ತಿ ನೋಡುವುದಕ್ಕೂ ತಟ್ಟೆಗೆ ಬಂದ ಮೇಲೆ ತಿಂದು ನೋಡುವುದಕ್ಕೂ ಇರುವ ವ್ಯತ್ಯಾಸವೆಂದು ತಾಯಂದಿರಿಗೆ ಹೇಳುತ್ತಿದ್ದೆ. ಹತ್ತನೇ ತರಗತಿಯಲ್ಲಿ ಈ ನಾಲ್ಕು ಎಫ್‌ಎಗಳ ಫಲವೇ ಆಂತರಿಕ ಅಂಕಗಳಾಗಿ ಅಂಕಪಟ್ಟಿಗೆ ಹೋಗುವುದರಿಂದ, ಜುಲೈ ತಿಂಗಳ ಯೋಜನಾ ಪುಸ್ತಕವನ್ನು ಉಡಾಫೆ ಮಾಡಿದ ಹುಡುಗ ಮಾರ್ಚ್ ತಿಂಗಳಲ್ಲಿ ಅದನ್ನು ಮರಳಿ ಪಡೆಯಲಾರ.

ಪರೀಕ್ಷೆ-2 ಬರೆದರೆ ಸಪ್ಲಿಮೆಂಟರಿ ಅಂತ ಅಂಕಪಟ್ಟಿಯಲ್ಲಿ ಕಪ್ಪು ಚುಕ್ಕೆ ಬೀಳುತ್ತಾ?

ಆ ಭಯ ಬೇಡ. 2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿದ್ದು, 'ಪೂರಕ ಪರೀಕ್ಷೆ' ಎಂಬ ಹೆಸರನ್ನೇ ಕೈಬಿಟ್ಟಿದೆ. ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಕುಳಿತುಕೊಳ್ಳಬಹುದು. ಬರೆದವುಗಳಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ಉತ್ತರ ತಪ್ಪಾದ್ರೂ ಅಂಕ ಕೊಡ್ತಾರಂತೆ, ಸರಿಯಿದ್ರೂ ಕತ್ತರಿಸ್ತಾರಂತೆ. ಅಲ್ಲಿ ಒಳಗೆ ಏನು ನಡೆಯುತ್ತೆ?

ಮೌಲ್ಯಮಾಪನ ಕೇಂದ್ರದ ಒಳಗೆ ನಡೆಯುವುದು ಬಹಳ ನೀರಸವಾದ ಕೆಲಸ. ಬೆಳಿಗ್ಗೆ ಕಟ್ಟು ಬರುತ್ತದೆ. ನೋಂದಣಿ ಸಂಖ್ಯೆಯ ಜಾಗದಲ್ಲಿ ಗುಪ್ತ ಸಂಖ್ಯೆ ಇರುತ್ತದೆ. ಎದುರಿಗೆ ಕೀ ಉತ್ತರಗಳ ಪ್ರತಿ ಇರುತ್ತದೆ. ಗಣಿತದಲ್ಲಿ ಅಂಕ ಬೀಳುವುದು ಹಂತಕ್ಕೆ. ಮೂರು ಅಂಕದ ಒಂದು ವರ್ಗ ಸಮೀಕರಣವನ್ನು ಬಿಡಿಸುವಾಗ ಸೂತ್ರ ಬರೆದುದಕ್ಕೆ ಅರ್ಧವೋ ಒಂದೋ, ಬೆಲೆಗಳನ್ನು ಆದೇಶಿಸಿದ್ದಕ್ಕೆ ಇಷ್ಟು, ಸಂಕ್ಷೇಪಿಸಿದ್ದಕ್ಕೆ ಇಷ್ಟು, ಕೊನೆಯ ಉತ್ತರಕ್ಕೆ ಇಷ್ಟು ಎಂದು ಕೀ ಉತ್ತರದ ಪ್ರತಿಯೇ ಬಿಡಿಸಿ ಹೇಳುತ್ತದೆ. ಕೊನೆಯ ಸಾಲಿನಲ್ಲಿ ಕೂಡುವ ಕಡೆ ಕಳೆದ ಹುಡುಗಿಗೆ ಕೊನೆಯ ಪಾಲು ಮಾತ್ರ ಹೋಗುತ್ತದೆ. ಪಕ್ಕದವನ ಹಾಳೆ ನೋಡಿ ಉತ್ತರವನ್ನಷ್ಟೇ ಬರೆದವನಿಗೆ ಆ ಕೊನೆಯ ಪಾಲಷ್ಟೇ ಸಿಗುವುದು. 'ತಪ್ಪಾದರೂ ಅಂಕ, ಸರಿಯಿದ್ದರೂ ಕಡಿತ' ಎಂಬ ದೂರಿನ ಮೂಲ ಇದೇ.

ಹಾಗೆಂದು ತಪ್ಪುಗಳಾಗುವುದಿಲ್ಲವೆಂದಲ್ಲ. ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ವರ್ಷ ಊಟದ ನಂತರದ ಪಾಳಿಯಲ್ಲಿ, ಎರಡು ಹಾಳೆಗಳು ಬೆವರಿಗೆ ಅಂಟಿಕೊಂಡಿದ್ದುದು ಕಾಣದೆ, ಒಳಪುಟದ ನಾಲ್ಕು ಅಂಕದ ಪ್ರಮೇಯವೊಂದನ್ನು ನೋಡದೆಯೇ ಮುಖಪುಟದಲ್ಲಿ ಮೊತ್ತ ಬರೆದುಬಿಟ್ಟಿದ್ದೆ. ಮೇಲ್ವಿಚಾರಣೆಗೆ ತೆಗೆದ ಪ್ರತಿಗಳಲ್ಲಿ ಅದೂ ಇದ್ದುದರಿಂದ ಸಿಕ್ಕಿಬಿತ್ತು. ತೆಗೆಯದೇ ಇದ್ದ ಪ್ರತಿಗಳಲ್ಲಿ ನನ್ನ ಕೈಯಿಂದ ಏನೇನು ಜಾರಿದೆಯೋ ಎಂಬ ಅಳುಕು ಇಂದಿಗೂ ಇದೆ. ಆದ್ದರಿಂದ ನಿರೀಕ್ಷೆಗೂ ಫಲಿತಾಂಶಕ್ಕೂ ಬಹಳ ಅಂತರ ಕಂಡರೆ ಸುಮ್ಮನೆ ಕೊರಗದೆ, ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಅದನ್ನು ವಿಷಯದ ಶಿಕ್ಷಕರ ಮುಂದಿಟ್ಟು, ನೋಡದೆ ಬಿಟ್ಟ ಪುಟವಿದೆಯೇ, ಮೊತ್ತ ಸರಿಯಿದೆಯೇ ಎಂದು ಪರೀಕ್ಷಿಸಿ. ಮೊತ್ತದ ತಪ್ಪಿದ್ದರೆ ಮರುಎಣಿಕೆ, ಉತ್ತರಕ್ಕೆ ಕೊಟ್ಟ ಬೆಲೆಯಲ್ಲೇ ತಪ್ಪಿದ್ದರೆ ಮರುಮೌಲ್ಯಮಾಪನ. ಸ್ಕ್ಯಾನ್ ಪ್ರತಿ ನೋಡದೆ ನೇರವಾಗಿ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟುವುದು ನಾಡಿ ನೋಡದೆ ಔಷಧಿ ಕೊಟ್ಟ ಹಾಗೆ.

## ಪಿಯುಸಿ, ಇತರ ಮಂಡಳಿಗಳು ಮತ್ತು ಹಳೆಯ ಅಂಕಪಟ್ಟಿಗಳು

ಪಿಯುಸಿಯಲ್ಲಿ ಶೇಕಡಾ 80 ಬಂದ್ರೂ ಡಿಸ್ಟಿಂಕ್ಷನ್ ಅಂತ ಯಾಕೆ ಬರೆದಿಲ್ಲ?

ದ್ವಿತೀಯ ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಗೆರೆ ಶೇಕಡಾ 85, ಅಂದರೆ 600ಕ್ಕೆ 510. ಅದರ ಕೆಳಗೆ ಶೇಕಡಾ 60ರವರೆಗೆ ಪ್ರಥಮ ದರ್ಜೆ, 50ರವರೆಗೆ ದ್ವಿತೀಯ ದರ್ಜೆ. ಪದವಿಯಲ್ಲಿ ಈ ಗೆರೆಗಳು ಬೇರೆ. 'ಡಿಸ್ಟಿಂಕ್ಷನ್' ಎಂಬ ಪದಕ್ಕೆ ದೇಶಕ್ಕೆಲ್ಲ ಒಂದೇ ಅಳತೆ ಇಲ್ಲ.

ಇಂಜಿನಿಯರಿಂಗ್ ಸೇರೋಕೆ ಸಿಇಟಿ ಒಂದೇ ಮುಖ್ಯ ಅಲ್ವಾ? ಪಿಯುಸಿ ಪಾಸಾದ್ರೆ ಸಾಕಲ್ವಾ?

ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿಯದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಿಯುಸಿ ಅಂಕಗಳಿಗೆ ಶೇಕಡಾ 50, ಸಿಇಟಿಯ ಅಂಕಗಳಿಗೆ ಶೇಕಡಾ 50 ತೂಕ. ಉದಾಹರಣೆಗೆ, ಪಿಯುಸಿಯ ಈ ಮೂರು ವಿಷಯಗಳಲ್ಲಿ 300ಕ್ಕೆ 270 ಪಡೆದು, ಸಿಇಟಿಯಲ್ಲಿ 180ಕ್ಕೆ 90 ಪಡೆದ ವಿದ್ಯಾರ್ಥಿನಿಗೆ 90 ಮತ್ತು 50ರ ಸರಾಸರಿಯಾದ 70 ಸಿಗುತ್ತದೆ. ಸಿಇಟಿಯಲ್ಲಿ 117 ಪಡೆದು ಪಿಯುಸಿಯಲ್ಲಿ 225ಕ್ಕೆ ನಿಂತವನಿಗೆ 65 ಮತ್ತು 75ರ ಸರಾಸರಿಯಾಗಿ ಅದೇ 70. ವೈದ್ಯಕೀಯಕ್ಕೆ ಹಾಗಲ್ಲ: ಪಿಯುಸಿಯಲ್ಲಿ ಅರ್ಹತೆಯ ಕನಿಷ್ಠ ಅಂಕ ದಾಟಿದ ಮೇಲೆ ಸೀಟು ನಿರ್ಧರಿಸುವುದು ನೀಟ್ ಒಂದೇ.

ಸಿಬಿಎಸ್‌ಇಲಿ ನಮ್ಮ ಹುಡುಗನಿಗೆ 88 ಬಂದು ಎ2, ಅವನ ಅಕ್ಕನಿಗೆ ಬೇರೆ ವರ್ಷ ಅಷ್ಟೇ ಬಂದು ಎ1. ಮುದ್ರಣದ ತಪ್ಪಾ?

ತಪ್ಪಲ್ಲ. ಸಕಲೇಶಪುರ, ಚಿಕ್ಕಮಗಳೂರು ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಗೊತ್ತಾದ ಅಳತೆಯ ತೂತಿರುವ ಜರಡಿಯ ಮೇಲೆ ಹಾಯಿಸುತ್ತಾರೆ. ಮೇಲೆ ನಿಂತದ್ದು ಎ, ಅದರ ಕೆಳಗಿನದು ಬಿ, ಇನ್ನೂ ಸಣ್ಣದು ಸಿ. ತೂತಿನ ಅಳತೆ ಬದಲಾಗದು; ಒಳ್ಳೆಯ ಮಳೆಯಾದ ವರ್ಷ ಎ ಹೆಚ್ಚು ಸಿಗಬಹುದು, ಬರದ ವರ್ಷ ಕಡಿಮೆ. ನಮ್ಮ ಎಸ್ಸೆಸ್ಸೆಲ್ಸಿ ಗ್ರೇಡ್ ಅಂತಹ ಜರಡಿ. ಸಿಬಿಎಸ್‌ಇ ಮಾಡುವುದೇ ಬೇರೆ: ಒಂದು ವಿಷಯದಲ್ಲಿ ಉತ್ತೀರ್ಣರಾದವರನ್ನೆಲ್ಲ ಅಂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಮೊದಲ ಎಂಟನೇ ಒಂದು ಭಾಗಕ್ಕೆ ಎ1, ಮುಂದಿನ ಎಂಟನೇ ಒಂದು ಭಾಗಕ್ಕೆ ಎ2, ಹೀಗೆ ಬಿ1, ಬಿ2, ಸಿ1, ಸಿ2, ಡಿ1, ಡಿ2ರವರೆಗೆ ಹಂಚುತ್ತದೆ, ಅನುತ್ತೀರ್ಣರಿಗೆ ಇ. ಅಂದರೆ ಬೀಜದ ಗಾತ್ರ ಎಷ್ಟೇ ಇರಲಿ, ರಾಶಿಯ ಅತಿ ದಪ್ಪ ಎಂಟನೇ ಒಂದು ಪಾಲಿಗೆ ಎ1 ಎಂಬ ಚೀಟಿ.

ಹಾಗಾಗಿ ಎ1ಕ್ಕೆ ಬೇಕಾದ ಅಂಕ ವಿಷಯದಿಂದ ವಿಷಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಸುಲಭದ ಪ್ರಶ್ನೆಪತ್ರಿಕೆ ಬಂದ ವರ್ಷ 88ಕ್ಕೆ ಎ2 ಸಿಕ್ಕುವುದೂ, ಕಠಿಣ ವರ್ಷ ಅದೇ 88ಕ್ಕೆ ಎ1 ಸಿಕ್ಕುವುದೂ ಸಹಜ. ಎರಡು ಮಂಡಳಿಗಳ ಗ್ರೇಡುಗಳನ್ನು ಹೋಲಿಸಿ ಅಕ್ಕಪಕ್ಕದ ಮನೆಯವರು ಮುನಿಸಿಕೊಂಡದ್ದನ್ನೂ ಕಂಡಿದ್ದೇನೆ. ಒಂದು ಜರಡಿ, ಇನ್ನೊಂದು ಸರತಿಯ ಸಾಲು, ಹೋಲಿಕೆಯೇ ಕೂಡದು.

2014ರ ಸಿಬಿಎಸ್‌ಇ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಅಂಕಗಳೇ ಇಲ್ಲ, ಸಿಜಿಪಿಎ 9.2 ಅಂತ ಮಾತ್ರ ಇದೆ. ನೌಕರಿ ಅರ್ಜಿಗೆ ಶೇಕಡಾ ಎಷ್ಟು ಬರೆಯಲಿ?

ಆ ಅಂಕಪಟ್ಟಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿ ಇದ್ದ ಕಾಲದ್ದು. 2010ರಿಂದ 2017ರವರೆಗಿನ ತಂಡಗಳಿಗೆ ಸಿಬಿಎಸ್‌ಇ ಹೀಗೆ ಕೊಡುತ್ತಿತ್ತು. ಸಿಜಿಪಿಎಯನ್ನು, ಅಂದರೆ ವಿಷಯಗಳ ಗ್ರೇಡ್ ಅಂಕಗಳ ಸರಾಸರಿಯನ್ನು, 9.5ರಿಂದ ಗುಣಿಸಿದರೆ ಅಂದಾಜು ಶೇಕಡಾ ಬರುತ್ತದೆಂದು ಮಂಡಳಿಯೇ ಸೂಚಿಸಿತ್ತು, ನಿಮ್ಮದು 87.4. ಹತ್ತರಿಂದ ಏಕೆ ಗುಣಿಸಬಾರದೆಂದರೆ, 91ರಿಂದ 100ರ ಅಂತರದಲ್ಲಿದ್ದ ವಿದ್ಯಾರ್ಥಿಗಳ ಸರಾಸರಿ ಅಂಕ ಹಿಂದಿನ ವರ್ಷಗಳಲ್ಲಿ 95ರ ಆಸುಪಾಸಿನಲ್ಲಿತ್ತು, ಆ ಅಂತರಕ್ಕೆ ಕೊಟ್ಟ ಗ್ರೇಡ್ ಅಂಕ 10. 95ನ್ನು 10ರಿಂದ ಭಾಗಿಸಿ 9.5 ತೆಗೆದರು. ಈ ಗುಣಕ ಆ ಕಾಲದ ಆ ಮಂಡಳಿಗೆ ಮಾತ್ರ ಸೇರಿದ್ದು. ವಿಶ್ವವಿದ್ಯಾಲಯದ ಸಿಜಿಪಿಎಯನ್ನೂ 9.5ರಿಂದ ಗುಣಿಸಿ ಅರ್ಜಿ ತುಂಬಿದವರು ನನ್ನ ಬಳಗದಲ್ಲೇ ಇದ್ದಾರೆ; ದಾಖಲೆ ಪರಿಶೀಲನೆಯ ದಿನ ಅದು ಸುಳ್ಳು ಮಾಹಿತಿಯೆಂದು ಪರಿಗಣಿತವಾಗುವ ಅಪಾಯವಿದೆ.

2021ರಲ್ಲಿ ಪಾಸಾದವರ ಅಂಕಪಟ್ಟಿಗೆ ಬೆಲೆ ಇಲ್ಲ ಅಂತಾರಲ್ಲ?

ಕಾನೂನಿನ ದೃಷ್ಟಿಯಲ್ಲಿ ಪೂರ್ಣ ಬೆಲೆ ಇದೆ. ಕೋವಿಡ್‌ನಿಂದಾಗಿ ಆ ವರ್ಷ ಎಸ್ಸೆಸ್ಸೆಲ್ಸಿಯನ್ನು ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ವಿಷಯಕ್ಕೆ 40 ಅಂಕದಂತೆ ಬಹು ಆಯ್ಕೆಯ ಪ್ರಶ್ನೆಗಳಿಂದ ನಡೆಸಲಾಯಿತು. ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ, ಎಸ್ಸೆಸ್ಸೆಲ್ಸಿ ಅಂಕಗಳಿಂದ ಶೇಕಡಾ 45, ಪ್ರಥಮ ಪಿಯುಸಿಯಿಂದ ಶೇಕಡಾ 45, ದ್ವಿತೀಯ ಪಿಯುಸಿಯ ಆಂತರಿಕ ಮೌಲ್ಯಮಾಪನದಿಂದ ಶೇಕಡಾ 10 ಸೇರಿಸಿ ಫಲಿತಾಂಶ ಕಟ್ಟಲಾಯಿತು. ಮಕ್ಕಳು ಆರಿಸಿಕೊಂಡ ಅಳತೆ ಅದಲ್ಲ. ಸಂದರ್ಶನದಲ್ಲಿ ಆ ವರ್ಷದವರನ್ನು ಹಂಗಿಸುವವರ ಬಗ್ಗೆ ನನಗೆ ಸಿಟ್ಟಿದೆ.

ಹಾಸನ ಒಂದು ವರ್ಷ ರಾಜ್ಯಕ್ಕೇ ಮೊದಲು, ಇನ್ನೊಂದು ವರ್ಷ ಹಿಂದೆ. ನಮ್ಮ ಮಕ್ಕಳು ಇದ್ದಕ್ಕಿದ್ದಂತೆ ದಡ್ಡರಾಗ್ತಾರಾ?

2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಶೇಕಡಾ 89.33ರೊಂದಿಗೆ ಮೊದಲ ಸ್ಥಾನ ಪಡೆದಾಗ, ಆ ಕೀರ್ತಿ ಅಧಿಕಾರಿಗಳದೋ ಜನಪ್ರತಿನಿಧಿಗಳದೋ ಎಂದು ಊರಿನಲ್ಲಿ ವಾರಗಟ್ಟಲೆ ಚರ್ಚೆ ನಡೆಯಿತು. ಪರೀಕ್ಷೆ ಬರೆದ ಮಕ್ಕಳ ಹೆಸರು ಆ ಚರ್ಚೆಯಲ್ಲಿ ಅಪರೂಪವಾಗಿ ಕೇಳಿಸಿತು. 2023ರಲ್ಲಿ ಚಿತ್ರದುರ್ಗ, ಮಂಡ್ಯಗಳ ನಂತರ ಹಾಸನ ಶೇಕಡಾ 96.68ರೊಂದಿಗೆ ಮೂರನೆಯದು. 89ಕ್ಕೆ ಮೊದಲ ಸ್ಥಾನ, 96ಕ್ಕೆ ಮೂರನೇ ಸ್ಥಾನ: ಜಿಲ್ಲೆಯ ಸ್ಥಾನವೆಂಬುದು ಇತರರೊಂದಿಗಿನ ಹೋಲಿಕೆಯೇ ಹೊರತು ಕಲಿಕೆಯ ಅಳತೆಯಲ್ಲ.

ಒಟ್ಟು ಫಲಿತಾಂಶವೂ ಪರೀಕ್ಷೆ ನಡೆಸಿದ ಬಗೆಯನ್ನು ಅವಲಂಬಿಸಿದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ 73.40ಕ್ಕೆ ಇಳಿಯಿತು. ಅದೂ ಕೃಪಾಂಕಕ್ಕೆ ಅರ್ಹತೆಯ ಗೆರೆಯನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಮರುವರ್ಷ ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟರು. ಮೂರು ವರ್ಷ, ಮೂರು ಬಗೆಯ ಅಳತೆ.

ಪರ್ಸೆಂಟೇಜು ಪರ್ಸೆಂಟೈಲು ಒಂದೇನಾ? ಮಗಳಿಗೆ ಜೆಇಇಯಲ್ಲಿ 91 ಬಂದಿದೆ.

ಶೇಕಡಾ 91 ಅಂಕ ಬಂದಿದೆಯೆಂದು ನೆಂಟರಿಗೆ ಹೇಳಬೇಡಿ. ಪರ್ಸೆಂಟೈಲ್ 91 ಎಂದರೆ ಆ ಪಾಳಿಯಲ್ಲಿ ಬರೆದ ನೂರು ಜನರಲ್ಲಿ 91 ಜನ ನಿಮ್ಮ ಮಗಳಷ್ಟೇ ಅಥವಾ ಅವಳಿಗಿಂತ ಕಡಿಮೆ ಅಂಕ ಪಡೆದಿದ್ದಾರೆಂದು ಅರ್ಥ. ಪರೀಕ್ಷೆ ಬಹಳ ಕಠಿಣವಿದ್ದರೆ ಅರ್ಧಕ್ಕಿಂತ ಬಹಳ ಕಡಿಮೆ ಅಂಕ ಪಡೆದವರಿಗೂ 91 ಬರಬಹುದು. ಬೇರೆ ಬೇರೆ ಪಾಳಿಗಳಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆ ಇರುವುದರಿಂದ ಹೀಗೆ ಸ್ಥಾನದಿಂದ ಅಳೆಯುವುದೇ ನ್ಯಾಯ. ಅಂದ ಹಾಗೆ, ಲಕ್ಷಗಟ್ಟಲೆ ಜನ ಬರೆಯುವ ಪರೀಕ್ಷೆಯಲ್ಲಿ 91 ಮತ್ತು 99ರ ನಡುವೆ ಹತ್ತಾರು ಸಾವಿರ ಜನ ನಿಂತಿರುತ್ತಾರೆ.

## ಕಾಲೇಜು, ವಿಶ್ವವಿದ್ಯಾಲಯ ಮತ್ತು ವಿದೇಶ

ಎಸ್‌ಜಿಪಿಎ, ಸಿಜಿಪಿಎ ಲೆಕ್ಕ ಹಾಕೋದು ಹೇಗೆ? ಕಾಗದದ ಮೇಲೆ ಮಾಡಿ ತೋರಿಸಿ.

ವಿಶ್ವವಿದ್ಯಾಲಯ ಅನುದಾನ ಆಯೋಗ ಸೂಚಿಸಿರುವ ಹತ್ತರ ಅಳತೆಯಲ್ಲಿ ಒ ಗ್ರೇಡಿಗೆ 10, ಎ ಪ್ಲಸ್‌ಗೆ 9, ಎಗೆ 8, ಬಿ ಪ್ಲಸ್‌ಗೆ 7, ಬಿಗೆ 6, ಸಿಗೆ 5, ಪಿಗೆ 4, ಎಫ್‌ಗೆ ಸೊನ್ನೆ. ಪ್ರತಿ ವಿಷಯಕ್ಕೆ ಅದರ ತೂಕವನ್ನು ಹೇಳುವ ಕ್ರೆಡಿಟ್ ಇರುತ್ತದೆ. ನಾಲ್ಕು ವಿಷಯಗಳ ಸಣ್ಣ ಸೆಮಿಸ್ಟರ್ ಒಂದನ್ನು ಊಹಿಸಿಕೊಳ್ಳಿ: 4 ಕ್ರೆಡಿಟ್‌ನ ಗಣಿತದಲ್ಲಿ ಎ ಪ್ಲಸ್, 4 ಕ್ರೆಡಿಟ್‌ನ ಭೌತಶಾಸ್ತ್ರದಲ್ಲಿ ಬಿ ಪ್ಲಸ್, 3 ಕ್ರೆಡಿಟ್‌ನ ಇನ್ನೊಂದರಲ್ಲಿ ಎ, 1 ಕ್ರೆಡಿಟ್‌ನ ಲ್ಯಾಬ್‌ನಲ್ಲಿ ಒ. ಕ್ರೆಡಿಟನ್ನು ಗ್ರೇಡ್ ಅಂಕದಿಂದ ಗುಣಿಸಿದರೆ 36, 28, 24, 10, ಮೊತ್ತ 98. ಒಟ್ಟು ಕ್ರೆಡಿಟ್ 12. ಭಾಗಿಸಿದರೆ 8.17, ಇದು ಎಸ್‌ಜಿಪಿಎ. ಕ್ರೆಡಿಟ್ ಲೆಕ್ಕಿಸದೆ 9, 7, 8, 10ರ ಸರಾಸರಿ ತೆಗೆದವರಿಗೆ 8.5 ಬಂದು, ವಿಶ್ವವಿದ್ಯಾಲಯ ಮೋಸ ಮಾಡಿದೆಯೆಂದು ಅನಿಸುತ್ತದೆ. ಹಗುರದ ಲ್ಯಾಬ್ ಭಾರದ ಗಣಿತಕ್ಕೆ ಸಮನಲ್ಲವೆಂಬುದು ಮರೆತಿರುತ್ತದೆ. ಎಲ್ಲ ಸೆಮಿಸ್ಟರುಗಳ ಎಸ್‌ಜಿಪಿಎಗಳನ್ನು ಆಯಾ ಸೆಮಿಸ್ಟರಿನ ಕ್ರೆಡಿಟ್‌ನಿಂದ ತೂಗಿ ಸರಾಸರಿ ತೆಗೆದರೆ ಸಿಜಿಪಿಎ.

ನನ್ನ ಒಟ್ಟು ಅಂಕ ಗೆಳತಿಗಿಂತ ಹೆಚ್ಚು, ಆದರೆ ಅವಳ ಸಿಜಿಪಿಎ ಹೆಚ್ಚು. ಹೇಗೆ ಸಾಧ್ಯ?

ಇದನ್ನು ಕೇಳಿದ ಹುಡುಗಿಯ ಅನುಮಾನ ನ್ಯಾಯವಾದದ್ದು. ಹಲವು ವಿಶ್ವವಿದ್ಯಾಲಯಗಳಲ್ಲಿ 70ರಿಂದ 79ರವರೆಗಿನ ಅಂಕಕ್ಕೆಲ್ಲ 8, 80ರಿಂದ 89ಕ್ಕೆ 9. ಸಮಾನ ಕ್ರೆಡಿಟ್‌ನ ಮೂರು ವಿಷಯಗಳಲ್ಲಿ 79, 79, 79 ತೆಗೆದವಳ ಮೊತ್ತ 237, ಗ್ರೇಡ್ ಸರಾಸರಿ 8. ಗೆಳತಿ 80, 80, 70 ತೆಗೆದಿದ್ದರೆ ಮೊತ್ತ 230 ಮಾತ್ರ, ಆದರೆ 9, 9, 8ರ ಸರಾಸರಿ 8.67. ಏಳು ಅಂಕ ಕಡಿಮೆ ತೆಗೆದವಳು ಮುಂದೆ. ಒಂದೊಂದು ಅಂಕಕ್ಕೆ ನಡೆಯುವ ಪೈಪೋಟಿ ತಪ್ಪಲೆಂದು ಗ್ರೇಡ್ ತಂದರೆನ್ನುತ್ತಾರೆ. ನನಗೆ ಕಂಡಂತೆ ಪೈಪೋಟಿ ತಪ್ಪಿಲ್ಲ, 79ರ ಅಂಚಿಗೆ ಸರಿದು ನಿಂತಿದೆ. ಮರುಮೌಲ್ಯಮಾಪನಕ್ಕೆ ಯಾವ ವಿಷಯವನ್ನು ಹಾಕಬೇಕೆಂದು ಯೋಚಿಸುವವರು 74 ಬಂದದ್ದನ್ನು ಬಿಟ್ಟು 79 ಅಥವಾ 69 ಬಂದದ್ದನ್ನು ಹಾಕುವುದರಲ್ಲಿ ಅರ್ಥವಿದೆ.

ವಿಟಿಯು ಪರೀಕ್ಷೆಯಲ್ಲಿ 50ಕ್ಕೆ 18 ಬಂದಿದೆ. ಪಾಸೋ ಫೇಲೋ?

ಒಂದೇ ಸಂಖ್ಯೆಯಿಂದ ಹೇಳಲಾಗದು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಚಿನ ಯೋಜನೆಯಂತೆ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50. ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಆಂತರಿಕದಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40 ಬೇಕು. 20ಕ್ಕೆ 18 ಕೂಡಿದರೆ 38, ಅದು ಸಾಲದು. 18ರಲ್ಲಿ ನಿಂತವರಿಗೆ ಆಂತರಿಕದಲ್ಲಿ 22 ಇರಲೇಬೇಕು.

ಸಿಜಿಪಿಎಯನ್ನು ಶೇಕಡಾಕ್ಕೆ ಪರಿವರ್ತಿಸಲು ಹತ್ತರಿಂದ ಗುಣಿಸಿದರೆ ಆಯ್ತಲ್ವಾ?

ಕೆಲವೆಡೆ ಆಯಿತು, ಕೆಲವೆಡೆ ಇಲ್ಲ. ಜನರ ಕೈ ಸುಡುವ ಜಾಗ ಇದೇ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಪಟ್ಟಿಯಲ್ಲಿ 6.25ಕ್ಕೆ ಶೇಕಡಾ 55, 6.75ಕ್ಕೆ 60, 7.75ಕ್ಕೆ 70 ಎಂದಿದೆ; ಅಂದರೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವ ಸೂತ್ರ. ವಿಟಿಯುವಿನ ಯೋಜನೆಗಳಲ್ಲೂ ಈ ಸೂತ್ರ ಬಳಕೆಗೆ ಬಂದಿತ್ತು. ಶೇಕಡಾ 60 ಕೇಳುವ ನೌಕರಿಗೆ 6.5 ಸಿಜಿಪಿಎ ಇರುವ ಹುಡುಗ ಅರ್ಜಿ ಹಾಕುತ್ತಾನೆಂದುಕೊಳ್ಳಿ. ಹತ್ತರಿಂದ ಗುಣಿಸಿದರೆ 65, ಅರ್ಹ, 0.75 ಕಳೆದು ಗುಣಿಸಿದರೆ 57.5, ಅನರ್ಹ. ಹುಡುಗ ಅವನೇ, ಓದಿದ್ದೂ ಅಷ್ಟೇ.

ಆದ್ದರಿಂದ ಮೊದಲು ನಿಮ್ಮ ಅಂಕಪಟ್ಟಿಯ ಹಿಂಬದಿಯನ್ನು ಓದಿ. ಬಹಳ ಸಲ ಸೂತ್ರ ಅಲ್ಲೇ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ನೀವು ಸೇರಿದ ವರ್ಷದ ಯೋಜನೆಗೆ ಅನ್ವಯಿಸುವ ಪರಿವರ್ತನಾ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯದಿಂದಲೇ ಪಡೆಯಿರಿ. ಒಂದೇ ವಿಶ್ವವಿದ್ಯಾಲಯದಲ್ಲೂ ಸೇರಿದ ವರ್ಷಕ್ಕೆ ತಕ್ಕಂತೆ ನಿಯಮ ಬದಲಾಗುವುದರಿಂದ ಸೀನಿಯರ್ ಹೇಳಿದ್ದೇ ಪ್ರಮಾಣವಲ್ಲ.

ನಮ್ಮೂರಿನಲ್ಲೇ ಇಂಜಿನಿಯರಿಂಗ್, ಮೆಡಿಕಲ್, ಅಗ್ರಿ ಎಲ್ಲ ಇದೆ. ಮೂರು ಮಕ್ಕಳು ಮೂರು ಕಡೆ ಓದಿದರೆ ಯಾರು ಚೆನ್ನಾಗಿ ಓದಿದರು ಅಂತ ಹೇಗೆ ಗೊತ್ತಾಗಬೇಕು?

ಅಂಕಪಟ್ಟಿಯಿಂದ ಗೊತ್ತಾಗದು. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ವಿಟಿಯು ಅಡಿಯಲ್ಲಿದ್ದರೂ ಸ್ವಾಯತ್ತ. ಪರೀಕ್ಷೆಯನ್ನು ತಾನೇ ನಡೆಸಿ ಸಿಜಿಪಿಎ ಕೊಡುತ್ತದೆ. ಹಿಮ್ಸ್ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿ ಇಂದಿಗೂ ಅಂಕಗಳೇ, ಉತ್ತೀರ್ಣಕ್ಕೆ ಶೇಕಡಾ 50 ಬೇಕು, 75 ಬಂದರೆ ಡಿಸ್ಟಿಂಕ್ಷನ್. ಕಾರೇಕೆರೆಯ ಕೃಷಿ ಕಾಲೇಜಿನಲ್ಲಿ ಹತ್ತರ ಅಳತೆಯ ಒಜಿಪಿಎ, ಅಂದರೆ ಒಟ್ಟಾರೆ ಗ್ರೇಡ್ ಸರಾಸರಿ. ಎಂಬಿಬಿಎಸ್‌ನಲ್ಲಿ ಶೇಕಡಾ 62 ತೆಗೆದವಳು ಇಂಜಿನಿಯರಿಂಗ್‌ನ 8.4ರ ಅಣ್ಣನಿಗಿಂತ ಹಿಂದೆ ಎಂದು ಲೆಕ್ಕ ಹಾಕುವ ಅಜ್ಜಂದಿರಿಗೆ, ಆಲೂಗಡ್ಡೆಯ ಮೂಟೆಯನ್ನೂ ಹಾಲಿನ ಕ್ಯಾನನ್ನೂ ಒಂದೇ ಕೋಲಿನಿಂದ ಅಳೆಯಬೇಡಿ ಎಂದಷ್ಟೇ ಹೇಳಬಲ್ಲೆ.

ಹಾಸನದಲ್ಲೇ ಓದಿದರೂ ಅಂಕಪಟ್ಟಿಯಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂತಿದೆ, ತಮ್ಮನದ್ದರಲ್ಲಿ ಹಾಸನ ವಿಶ್ವವಿದ್ಯಾಲಯ ಅಂತಿದೆ. ತೊಂದರೆ ಇದೆಯಾ?

ಇಲ್ಲ. ಹಾಸನದ ಹೇಮಗಂಗೋತ್ರಿ ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ರಾಜ್ಯದಲ್ಲಿ ಹೊಸ ವಿಶ್ವವಿದ್ಯಾಲಯಗಳು ಬಂದಾಗ ಹಾಸನ ವಿಶ್ವವಿದ್ಯಾಲಯ ಅಲ್ಲಿ ಆರಂಭವಾಯಿತು. ಅರ್ಜಿಗಳಲ್ಲಿ ಅಂಕಪಟ್ಟಿಯ ಮೇಲಿರುವ ಹೆಸರನ್ನೇ ಬರೆಯಿರಿ, ಕಾಲೇಜಿರುವ ಊರಿನ ಹೆಸರನ್ನಲ್ಲ.

ಜರ್ಮನಿಗೆ ಅರ್ಜಿ ಹಾಕಿದ ಮಗನಿಗೆ 8.2 ಇದ್ದದ್ದು 1.9 ಆಯ್ತಂತೆ. ಇಷ್ಟು ಕಡಿಮೆನಾ?

ಗಾಬರಿ ಬೇಡ, ಅಲ್ಲಿ 1 ಅತ್ಯುತ್ತಮ, 4 ಉತ್ತೀರ್ಣದ ಕೊನೆಯ ಮೆಟ್ಟಿಲು. ಅವರು ಬಳಸುವ ಬವೇರಿಯನ್ ಸೂತ್ರ ಹೀಗಿದೆ: ಗರಿಷ್ಠದಿಂದ ನಿಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠಕ್ಕೂ ಉತ್ತೀರ್ಣದ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುವುದು. ಗರಿಷ್ಠ 10, ಕನಿಷ್ಠ 4 ಎಂದಾದರೆ, 1.8ನ್ನು 6ರಿಂದ ಭಾಗಿಸಿ 0.3, ಮೂರರಿಂದ ಗುಣಿಸಿ 0.9, ಒಂದು ಕೂಡಿಸಿ 1.9. ಉತ್ತೀರ್ಣದ ಕನಿಷ್ಠವನ್ನು 4ರ ಬದಲು 5 ಎಂದು ಹಿಡಿದರೆ ಅದೇ 8.2 ಸುಮಾರು 2.1 ಆಗುತ್ತದೆ, ಆದ್ದರಿಂದ ಕನಿಷ್ಠ ಅಂಕ ಎಷ್ಟೆಂದು ವಿಶ್ವವಿದ್ಯಾಲಯದ ಪತ್ರದಲ್ಲಿ ಸ್ಪಷ್ಟವಾಗಿರುವುದು ಮುಖ್ಯ.

ಬ್ರಿಟನ್ನಿನಲ್ಲಿ 70 ದಾಟಿದರೆ ಪ್ರಥಮ ದರ್ಜೆ, 60ರಿಂದ 69 ಮೇಲಿನ ದ್ವಿತೀಯ ದರ್ಜೆ. ಅಲ್ಲಿ 80 ಸಿಗುವುದೇ ವಿರಳ. ಅಮೆರಿಕದ ನಾಲ್ಕರ ಅಳತೆಗೆ ನಮ್ಮ ಸಿಜಿಪಿಎಯನ್ನು 2.5ರಿಂದ ಭಾಗಿಸಿ ಬರೆದುಕೊಳ್ಳುವವರಿದ್ದಾರೆ; ಅಲ್ಲಿನ ಮೌಲ್ಯಮಾಪನ ಸಂಸ್ಥೆಗಳು ವಿಷಯವಾರು ನೋಡಿ ಪರಿವರ್ತಿಸುವುದರಿಂದ ಆ ಕೆಲಸವನ್ನು ಅವರಿಗೇ ಬಿಡುವುದು ಕ್ಷೇಮ.

ಅಂಕಪಟ್ಟಿ ಹಾಳಾಗದಿರಲಿ ಅಂತ ಲ್ಯಾಮಿನೇಷನ್ ಮಾಡಿಸಿದ್ದೀವಿ. ಒಳ್ಳೇದೇ ಅಲ್ವಾ?

ಅರಕಲಗೂಡು ಕಡೆಯ ರೈತರೊಬ್ಬರು ಮಗನ ಏಳೂ ಅಂಕಪಟ್ಟಿಗಳನ್ನು, ಮಳೆಗಾಲದಲ್ಲಿ ಮನೆ ಸೋರುತ್ತದೆಂದು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸಿ ತಂದು ನನ್ನ ಮುಂದೆ ಹೆಮ್ಮೆಯಿಂದ ಹರಡಿದ್ದರು. ವಿದೇಶಕ್ಕೆ ಬೇಕಾದ ದೃಢೀಕರಣದ ಮುದ್ರೆ, ಚೀಟಿಗಳನ್ನು ಮೂಲ ಕಾಗದದ ಬೆನ್ನಿಗೇ ಹಾಕಬೇಕಾಗುವುದರಿಂದ ಲ್ಯಾಮಿನೇಷನ್ ಆದ ಪ್ರತಿಯನ್ನು ಮರಳಿಸುತ್ತಾರೆ. ಕಿತ್ತರೆ ಅಕ್ಷರವೂ ಜೊತೆಗೆ ಬರುತ್ತದೆ. ಅವರು ಏಳಕ್ಕೂ ಎರಡನೇ ಪ್ರತಿಗೆ ಅರ್ಜಿ ಹಾಕಬೇಕಾಯಿತು. ಪ್ಲಾಸ್ಟಿಕ್ ಹಾಳೆಗಳಿರುವ ಫೈಲಿನಲ್ಲಿ ಇಟ್ಟು, ಡಿಜಿಲಾಕರ್‌ನಲ್ಲಿ ಒಂದು ಪ್ರತಿ ಇಳಿಸಿಕೊಂಡಿದ್ದರೆ ಸಾಕಿತ್ತು.